ಕರಪತ್ರದ ಸಂಕಲ್ಪ

ನನ್ನ ಸಿನಿಮಾ ನೋಡಿ ಅಕ್ಕ ಏನು ಮಾಡಿದಳು, ಊಹಿಸಿ ನೋಡೋಣ. ಆಗುವುದಿಲ್ಲ, ಬಿಡಿ. ನಿವೃತ್ತನಾಗಿ ಸುಮ್ಮನೆ ಕೂತರೂ ಇಂಥವು ನನ್ನ ಮನೆ ಹುಡುಕಿಕೊಂಡೇ ಬರುತ್ತವೆ.

ಸಿನಿಮಾ ಎಂದರೆ ಆನಿಮೇಷನ್. ಕಥೆ ನನ್ನದು, ಗೆರೆ ಮಗಳದು. ಜನ ಕ್ರಾಂತಿ ಕ್ರಾಂತಿ ಎಂದು ಬೀದಿಗಿಳಿದು, ಸರ್ಕಾರ ತುರ್ತು ಪರಿಸ್ಥಿತಿ ಹೇರಿದ ಕಾಲದಲ್ಲಿ ಬಂಗಾಲಿ ಟೋಲಾದ ಗಲ್ಲಿಯಲ್ಲಿ ಬೆಳೆದ ಹನ್ನೊಂದು ವರ್ಷದ ಹುಡುಗನ ಕಥೆ, ಅಂದರೆ ನನ್ನದೇ. ಅಪ್ಪ ಅಲ್ಲಿನ ನದಿಯ ಘಾಟಿನಲ್ಲಿ ಕರ್ನಾಟಕದ ಯಾತ್ರಿಕರಿಗೆ ಶ್ರಾದ್ಧ, ತರ್ಪಣ ಮಾಡಿಸುವ ಪುರೋಹಿತರು.

೧. ಕಾರ್ಟೂನು

ಗೋದೌಲಿಯಾ ಚೌಕದ ಪಾನ್ ಅಂಗಡಿಯಲ್ಲಿ, ನನ್ನ ಮೇಲೊಂದು ಕಾರ್ಟೂನ್ ಬರುತ್ತಿದೆ ಎಂದು ಹೆಮ್ಮೆಯಿಂದ ಹೇಳಿಕೊಂಡೆ. ಅಂಗಡಿಯವನ ಮುಖ ಗಂಭೀರವಾಯಿತು. ಬರೆದವನ ಹೆಸರು ಹೇಳಿ ಗುರುಜಿ, ನಾವು ನೋಡಿಕೊಳ್ತೇವೆ ಎಂದ. ಬರೆದದ್ದು ನನ್ನ ಮಗಳೇ ಎಂದೆ. ಅವನು ಇನ್ನೊಂದು ಬೀಡಾ ಮಡಿಸಿ ಕೈಗಿಟ್ಟು, "ಎಲ್ಲರ ಮನೆಯಲ್ಲೂ ಇದ್ದದ್ದೇ" ಎಂದ.

೨. ಗಡ್ಡ

ಮಗಳು ಸಿನಿಮಾದಲ್ಲಿ ನನ್ನ ಅಪ್ಪನಿಗೆ ಸೊಂಟದವರೆಗೆ ಗಡ್ಡ ಬಿಡಿಸಿದ್ದಳು. ಅಕ್ಕ ಕನ್ನಡಕ ಏರಿಸಿ, "ಇದು ಯಾರ ಅಪ್ಪನೇ?" ಎಂದಳು.

"ಬುವಾ, ಘಾಟಿನಲ್ಲಿ ಎಲ್ಲರೂ ಹೀಗೇ ಇರ್ತಾರಲ್ಲ."

"ಮೊದಲು ಅತ್ತೆ ಅನ್ನು. ಆಮೇಲೆ ಗಡ್ಡ ಬೋಳಿಸು."

ಎರಡೂ ಆದವು. ಆದರೂ ಅಕ್ಕನಿಗೆ ಅನುಮಾನ. ಅಪ್ಪನನ್ನು ನಗೆಪಾಟಲು ಮಾಡಿದ್ದರೆ ಸಿನಿಮಾ ಈ ಮನೆಯ ಹೊಸಿಲು ದಾಟಿ ಹೊರಹೋಗಕೂಡದು ಎಂದು ಅಪ್ಪಣೆ ಮಾಡಿದಳು. ನನಗೆ ಅರವತ್ತೆರಡಾದರೇನು, ಅಕ್ಕನ ಮಾತು ಮೀರುವ ವಯಸ್ಸು ಇನ್ನೂ ಬಂದಿಲ್ಲ. ಮೂರು ವರ್ಷದ ದುಡಿಮೆ ಅವಳ ಒಂದು ‘ಹೂಂ’ಗೆ ಕಾದು ಕೂತಿತ್ತು.

೩. ದಾರೋಗಾ

ಕೊನೆಗೆ ಅಕ್ಕನ ಮನೆಯ ಗೋಡೆಯ ಮೇಲೇ ಸಿನಿಮಾ ಹಾಕಿದೆವು. ಆ ದೃಶ್ಯ ಬಂತು: ಯಾತ್ರಿಕರೊಬ್ಬರು ಊರಿನಿಂದ ತಂದ ಸರ್ಕಾರ ವಿರೋಧಿ ಕರಪತ್ರಗಳು ನಮ್ಮ ಮನೆಯಲ್ಲಿವೆ. ಪೊಲೀಸ್ ಠಾಣೆಯ ದಾರೋಗಾ ಬಂದು ಒಂದನ್ನೆತ್ತಿ, ಇದೇನು ಎನ್ನುತ್ತಾನೆ. ಅದು ಕನ್ನಡ, ಅವನಿಗೆ ಓದಲು ಬಾರದು. ಅಪ್ಪ ಅದನ್ನೇ ಮಂತ್ರದ ಧಾಟಿಯಲ್ಲಿ ರಾಗವಾಗಿ ಓದುತ್ತಾರೆ. ದಾರೋಗಾ ಟೋಪಿ ತೆಗೆದು ಕೈ ಮುಗಿಯುತ್ತಾನೆ.

ಅಕ್ಕ ಎದ್ದು ನಿಂತಳು. ನಿಲ್ಲಿಸು ಎಂದಳು. ನಿಲ್ಲಿಸಿದೆ.

"ಪೂರ್ತಿ ಗೊತ್ತಿಲ್ಲದೆ ಸಿನಿಮಾ ಬೇರೆ ಮಾಡ್ತೀಯ. ನೀನು ಮಂಚದ ಕೆಳಗೆ ಅವಿತಿದ್ದೆ. ನಾನು ಪಕ್ಕದಲ್ಲೇ ನೀರಿನ ಚೊಂಬು ಹಿಡಿದು ನಿಂತಿದ್ದೆ. ಅಪ್ಪ ಬರೀ ಓದಲಿಲ್ಲ ಕಣೋ. ಅವನ ಗೋತ್ರ ಕೇಳಿದರು, ಅಂಗೈಗೆ ನೀರು ಹಾಕಿಸಿದರು, ‘ನಾನು ಹೇಳಿದ ಹಾಗೆ ಹೇಳಿ’ ಅಂದರು."

ಅಷ್ಟು ಹೇಳಿದವಳು ಸೆರಗು ಸಿಕ್ಕಿಸಿ, ಥೇಟ್ ಅಪ್ಪನ ಗಂಟಲಲ್ಲಿ ಶುರು ಮಾಡಿಯೇಬಿಟ್ಟಳು: "ಹೆದರಬೇಡೀ... ಬಾಯಿ ಮುಚ್ಚಿಕೊಂಡು ಕೂರಬೇಡೀ... ಇವರನ್ನು ಕೆಳಗಿಳಿಸೀ... ನಮಃ."

ದಾರೋಗಾ ಒಂದಕ್ಷರ ಬಿಡದೆ ಹೇಳಿದನಂತೆ. ಹೇಳಿ, ನೀರು ಬಿಟ್ಟು, ಅಪ್ಪನ ಕಾಲಿಗೆ ಬಿದ್ದು ಹೋದನಂತೆ.

ಮಗಳು ಬಿದ್ದು ಬಿದ್ದು ನಗುತ್ತಲೇ ಫೋನಿನಲ್ಲಿ ಅಕ್ಕನ ದನಿ ಹಿಡಿದುಕೊಂಡಿದ್ದಳು. ಈಗ ಸಿನಿಮಾದಲ್ಲಿ ಅಪ್ಪನಿಗೆ ಅಕ್ಕನದೇ ದನಿ. ಹೊಸಿಲು ದಾಟಲು ಅಪ್ಪಣೆಯೂ ಸಿಕ್ಕಿದೆ, ಒಂದು ಷರತ್ತಿನ ಮೇಲೆ: ದಾರೋಗಾ ಸಂಕಲ್ಪ ಮಾಡಿದ ತಿಥಿ ಪರದೆಯ ಮೇಲೆ ಸರಿಯಾಗಿ ಬರಬೇಕು. ಬಂದಿದೆ: ಎಪ್ಪತ್ತೈದನೇ ಇಸವಿ, ಮಹಾಲಯ ಅಮಾವಾಸ್ಯೆ.