ಎರಡೂ ಕೈ ಜೇಬಿನಲ್ಲಿ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರು ಮೂರನೇ ಮತ್ತು ನಾಲ್ಕನೇ ಮಹಡಿಗಳ ನಡುವೆ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡರು. ಅವರು ಬಂದದ್ದು ಐದನೇ ಮಹಡಿಯ ಲಿಫ್ಟ್ ಮೇಸ್ತ್ರಿ ಕೆಲಸ ಮಾಡುತ್ತಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಲು.

ಮೇಸ್ತ್ರಿ ಹೊರದೇಶದವನು. ಒಂಬತ್ತು ವರ್ಷದ ಹಿಂದೆ ಒಂದು ಲಿಫ್ಟ್ ಕಂಪನಿಯ ಕೆಲಸಕ್ಕೆಂದು ಬಂದ. ಇಲ್ಲಿನ ಮಾತು ಕಲಿತ, ಓದಲು ಕಲಿಯಲಿಲ್ಲ. ಮಗಳನ್ನು ಇಲ್ಲಿನ ಶಾಲೆಗೇ ಹಾಕಿದ. ಕಂಪನಿ ಮುಚ್ಚಿದ ಮೇಲೆ ಅನುಮತಿಯಿಲ್ಲದೆ ಬೇರೆ ಕಡೆ ದುಡಿದನೆಂದು ಯಾರೋ ದೂರು ಕೊಟ್ಟಿದ್ದರಿಂದ ಆರು ತಿಂಗಳಿಂದ ತನಿಖೆ ನಡೆದಿತ್ತು. ನಡುವೆ ವೀಸಾ ಮುಗಿದುಹೋಗಿತ್ತು. ಉಳಿದದ್ದು ಇಲಾಖೆ ಕೊಟ್ಟ ಒಂದು ಹಳದಿ ಕಾಗದ. ತನಿಖೆಯ ಕಾಲದಲ್ಲಿ ಇಲ್ಲಿರಬಹುದು, ದೇಶ ಬಿಡುವಂತಿಲ್ಲ, ಕೆಲಸ ಮಾಡುವಂತಿಲ್ಲ, ಮಾಡಿದರೆ ಮರುದಿನವೇ ವಿಮಾನ. ಇದಿಷ್ಟೂ ಕಟ್ಟಡದವರಿಗೆಲ್ಲ ಬಾಯಿಪಾಠ. ಕಾಗದದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಅದನ್ನು ಯಾರೂ ಓದಿರಲಿಲ್ಲ.

ಕೆಲಸ ಬಲ್ಲ ಕೈಗೆ ಸುಮ್ಮನಿರಲು ಬರುವುದಿಲ್ಲ. ಎಲ್ಲಾದರೂ ಬಾಗಿಲ ಕೀಲು ಕಿರುಗುಟ್ಟಿದರೆ ಮೇಸ್ತ್ರಿಯ ಬೆರಳುಗಳು ತಾವಾಗಿ ಅತ್ತ ಹೊರಡುತ್ತಿದ್ದವು. ಹೆಂಡತಿ ಅವನ ಪ್ಯಾಂಟಿಗೆ ಮೊಣಕಾಲು ಮುಟ್ಟುವಷ್ಟು ಆಳದ ಎರಡು ಜೇಬು ಹೊಲಿದುಕೊಟ್ಟಳು. ಮನೆಯಿಂದ ಹೊರಗೆ ಕಾಲಿಟ್ಟರೆ ಎರಡೂ ಕೈ ಅದರೊಳಗೆ. ಒಂದು ವಾರದಿಂದ ಲಿಫ್ಟು ಮುನಿಸಿಕೊಂಡ ಅಳಿಯನಂತಾಗಿತ್ತು: ಕರೆದರೆ ಬಾರದು, ಬಂದರೆ ಹೋಗದು. ಮೇಸ್ತ್ರಿ ಅದರ ಮುಂದೆ ನಿಂತು, ಸದ್ದಿನಲ್ಲೇ ರೋಗ ತಿಳಿದುಕೊಂಡು, ನಿಟ್ಟುಸಿರು ಬಿಟ್ಟು ಮೆಟ್ಟಿಲು ಹತ್ತಿಹೋಗುತ್ತಿದ್ದ. ಮೂರನೇ ಮಹಡಿಯ ಬಾಗಿಲ ಬೀಗದಲ್ಲಿ ಒಂದು ತಿರುಪು ಸಡಿಲವಾಗಿತ್ತು, ಅಷ್ಟೇ.

ಇನ್‌ಸ್ಪೆಕ್ಟರದು ಭಾರಿ ಮೈ, ಜೊತೆಗೆ ಉಬ್ಬಸ. ಇನ್‌ಹೇಲರು ಕೆಳಗೆ ಸ್ಕೂಟರಿನ ಡಿಕ್ಕಿಯಲ್ಲಿತ್ತು. ಲಿಫ್ಟಿನ ಫ್ಯಾನು ಕೆಟ್ಟು ಎರಡು ವರ್ಷವಾಗಿತ್ತು. ರಿಪೇರಿಯವರಿಗೆ ಫೋನ್ ಮಾಡಿದರೆ ನಾಳೆ ಹತ್ತು ಗಂಟೆಗೆ ಬರುತ್ತೇವೆಂದರು.

ಮೇಸ್ತ್ರಿಯನ್ನು ಕರೆಯೋಣವೆಂದ ಇಸ್ತ್ರಿ ಅಂಗಡಿಯವನು. ಕರೆದರೆ ಅವನ ಕತೆ ಮುಗಿಯಿತೆಂದರು ಮೂರನೇ ಮಹಡಿಯ ನಿವೃತ್ತ ಟೀಚರಮ್ಮ. ಅಷ್ಟರಲ್ಲಿ ಲಿಫ್ಟಿನೊಳಗಿಂದಲೇ ತೀರ್ಪು ಬಂತು.

"ಮೇಸ್ತ್ರಿ... ಕೈ ಹಚ್ಚಬಾರದು. ಹಚ್ಚಿದ್ರೆ ನಾನು ಬರೀಬೇಕಾಗುತ್ತೆ."

ಉಸಿರು ಸಿಗದಿದ್ದಾಗಲೂ ನಿಯಮ ಬಿಡದ ಮನುಷ್ಯ. ಆದರೆ ಆ ಮಾತಿನ ನಡುವೆ ಎದೆಯಿಂದ ಬಂದ ಸಿಳ್ಳನ್ನು ಮೆಟ್ಟಿಲಿಳಿದು ಬಂದಿದ್ದ ಮೇಸ್ತ್ರಿ ಕೇಳಿಸಿಕೊಂಡ. ಯಂತ್ರದ್ದಿರಲಿ, ಮನುಷ್ಯನದ್ದಿರಲಿ, ಸದ್ದು ಕೇಳಿ ಎಷ್ಟು ಹೊತ್ತು ತಡೆಯುತ್ತದೆಂದು ಹೇಳಬಲ್ಲವನು ಅವನು.

"ಟೀಚರಮ್ಮ, ನಿಮ್ಮ ಕೈ ಒಂದರ್ಧ ಗಂಟೆ ಸಾಲ ಕೊಡಿ," ಎಂದ.

ತಾರಸಿಯ ಮೇಲಿನ ಮೆಷಿನ್ ಕೋಣೆಗೆ ಮೂವರೂ ಹತ್ತಿದರು. ಮೇಸ್ತ್ರಿ ಹೊಸ್ತಿಲ ಹೊರಗೆ ನಿಂತ. ಮೊದಲು ಮೇನ್ ಸ್ವಿಚ್ ಆರಿಸಲು ಹೇಳಿದ. ಅರವತ್ತೆಂಟರ ಟೀಚರಮ್ಮ ಬ್ರೇಕಿನ ಸನ್ನೆಗೋಲು ಹಿಡಿದರು, ಇಸ್ತ್ರಿಯವನು ದೊಡ್ಡ ಚಕ್ರ ಹಿಡಿದ. ಒತ್ತಿ, ತಿರುಗಿಸಿ, ನಿಲ್ಲಿ, ಬಿಡಿ. ಗದ್ದದಿಂದ ದಿಕ್ಕು ತೋರಿಸಿದ, ಭುಜದಿಂದ ಗಾಳಿಯಲ್ಲೇ ಚಕ್ರ ತಿರುಗಿಸಿದ, ಕಾಲಿನ ಹೆಬ್ಬೆರಳಿನಿಂದ ಬರಿ ನೆಲದ ಮೇಲೆ ಬ್ರೇಕ್ ಒತ್ತಿದ. ಅವನ ಮೈಯಲ್ಲಿ ಕೆಲಸ ಮಾಡದೆ ಉಳಿದದ್ದು ಕೈಗಳು ಮಾತ್ರ. ಒಮ್ಮೆ ಇಸ್ತ್ರಿಯವನು ಚಕ್ರವನ್ನು ತಪ್ಪು ಕಡೆಗೆ ತಿರುಗಿಸಿದಾಗ ಜೇಬಿನ ಹೊಲಿಗೆ ಪರ್ರೆಂದಿತು. ಆದರೂ ಕೈ ಹೊರಗೆ ಬರಲಿಲ್ಲ. ಲಿಫ್ಟಿನ ಹಗ್ಗದ ಮೇಲೆ ಮೂರನೇ ಮಹಡಿಯ ಮಟ್ಟ ತೋರಿಸುವ ಹಳದಿ ಗುರುತು ಸರಿಯಾದ ಜಾಗಕ್ಕೆ ಬಂದಾಗ ಸಾಕೆಂದ.

ಮೂರು ಐವತ್ತೆರಡಕ್ಕೆ ಇನ್‌ಸ್ಪೆಕ್ಟರು ಮೂರನೇ ಮಹಡಿಯಲ್ಲಿ ಹಿಂಡಿದ ಅಂಗಿಯಂತೆ ಹೊರಬಂದರು. ಟೀಚರಮ್ಮನ ಬಾಗಿಲಲ್ಲಿ ಹಾಕಿದ ಕುರ್ಚಿಯಲ್ಲಿ ಕೂತು, ಕೆಳಗಿನಿಂದ ತರಿಸಿದ ಇನ್‌ಹೇಲರು ಎರಡು ಸಲ ಎಳೆದುಕೊಂಡು, ನೀರು ಕುಡಿದು, ಮೊದಲು ಕೇಳಿದ್ದೇ ಇದು:

"ಮೇಸ್ತ್ರಿ ಕೈ ಎಲ್ಲಿತ್ತು?"

"ಜೇಬಲ್ಲಿ."

"ಎರಡೂನಾ?"

"ಎರಡೂ," ಎಂದರು ಟೀಚರಮ್ಮ.

ಹೇಳಿಕೊಡುವುದೂ ಕೆಲಸವೇ ಅಲ್ಲವೇ ಎಂದು ಇನ್‌ಸ್ಪೆಕ್ಟರು ಸಂಶಯಪಟ್ಟರು.

"ಹೇಳಿಕೊಡೋದು ಕೆಲಸ ಅಂತಾದ್ರೆ ನಾನಿನ್ನೂ ರಿಟೈರೇ ಆಗಿಲ್ಲ. ಬೇಕಾದ್ರೆ ನನ್ನ ಸೊಸೆನ ಕೇಳಿ."

ಸೊಸೆ ಒಳಗಿಂದಲೇ ಹೂಂ ಅಂದಳು.

ಇನ್‌ಸ್ಪೆಕ್ಟರು ಬರೆದರು. ಮೂರನೆಯ ಹಾಗೂ ಕೊನೆಯ ತಪಾಸಣೆಯಲ್ಲೂ ಆರೋಪಿ ಕೆಲಸ ಮಾಡಿದ್ದು ಕಂಡುಬಂದಿಲ್ಲ, ಆರೋಪ ಸಾಬೀತಾಗಿಲ್ಲ, ತನಿಖೆ ಮುಕ್ತಾಯ. ಚೀಲದಿಂದ ಸೀಲು ತೆಗೆದು ವರದಿಗೊಂದು, ಹಳದಿ ಕಾಗದಕ್ಕೊಂದು ಒತ್ತಿದರು. ಕಾಗದ ತಂದುಕೊಟ್ಟಿದ್ದ ಮೇಸ್ತ್ರಿಯ ಹೆಂಡತಿ ಕಣ್ಣೊರೆಸಿಕೊಂಡಳು. ಯಾವ ಕಾಗದವನ್ನೂ ಎರಡೂ ಬದಿ ಓದದೆ ಬಿಡದ ಟೀಚರಮ್ಮ, ಮೊದಲ ಸಲ ಕೈಗೆ ಸಿಕ್ಕ ಅದನ್ನು ತಿರುವಿ, ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು.

"ತನಿಖೆಯು ಮುಕ್ತಾಯವಾದಲ್ಲಿ ಈ ಅನುಮತಿಯೂ ಮುಕ್ತಾಯ. ಹದಿನಾಲ್ಕು ದಿನಗಳೊಳಗೆ ದೇಶ ಬಿಡತಕ್ಕದ್ದು."

ಮಗಳ ವಾರ್ಷಿಕ ಪರೀಕ್ಷೆಗೆ ಇನ್ನೂ ಏಳು ವಾರವಿತ್ತು.

"ತಪ್ಪು ಮಾಡಿಲ್ಲ ಅಂದ್ಮೇಲೆ ಯಾಕೆ ಹೋಗ್ಬೇಕು?" ಎಂದಳು ಹೆಂಡತಿ.

"ಅನುಮಾನ ಇರೋವರೆಗೆ ಇರಬಹುದಿತ್ತಮ್ಮ. ಈಗ ಅನುಮಾನ ಇಲ್ವಲ್ಲ," ಎಂದರು ಇನ್‌ಸ್ಪೆಕ್ಟರು. ಹೇಳುವಾಗ ಅವರಿಗೂ ಖುಷಿಯೇನಿರಲಿಲ್ಲ. ಸೀಲು ಅಳಿಸಿಬಿಡಿ ಎಂದ ಇಸ್ತ್ರಿಯವನಿಗೆ, ಬಿದ್ದ ಸೀಲು ಬಿತ್ತು ಎಂದರು.

ಟೀಚರಮ್ಮ ಕಾಗದವನ್ನು ಮತ್ತೆ ಮುಂಬದಿಗೆ ತಿರುವಿದರು. "ಈಗ, ಈ ಗಳಿಗೆಯಲ್ಲಿ, ಅವನು ಕೆಲಸ ಮಾಡಿದ್ರೆ ಏನಾಗುತ್ತೆ?"

ಇನ್‌ಸ್ಪೆಕ್ಟರು ಯೋಚಿಸಿದರು. "ತನಿಖೆ ಇಲ್ಲ, ಹಾಗಾಗಿ ಮುರಿಯೋಕೆ ಷರತ್ತೂ ಇಲ್ಲ. ಅದು ಹೊಸ ಅನುಮಾನ. ಹೊಸ ಅನುಮಾನಕ್ಕೆ ಹೊಸ ತನಿಖೆ."

"ಎಷ್ಟು ದಿನ?"

"ಆರು ತಿಂಗಳಿಗೆ ಕಮ್ಮಿ ನಾನು ಯಾವುದನ್ನೂ ಮುಗಿಸಿದ್ದಿಲ್ಲ." ಜೊತೆಗೇ ಸೇರಿಸಿದರು: "ಆದ್ರೆ ನಾನು ಕಣ್ಣಾರೆ ನೋಡಿರಬೇಕು."

ಹಾಗೆಂದು ಕನ್ನಡಕ ಒರೆಸಿ ಹಾಕಿಕೊಂಡು, ಕುರ್ಚಿಯನ್ನು ಲಿಫ್ಟಿನ ಕಡೆಗೆ ತಿರುಗಿಸಿ ಕೂತರು.

ಇಸ್ತ್ರಿಯವನು ಸ್ಕ್ರೂಡ್ರೈವರ್ ತಂದುಕೊಟ್ಟ. ಮೇಸ್ತ್ರಿಯ ಬಲಗೈ ಜೇಬಿನಿಂದ ಹೊರಬಂತು. ಬಾಗಿಲ ಬೀಗದ ಸಡಿಲ ತಿರುಪಿಗೆ ನಾಲ್ಕೇ ಸುತ್ತು. ಟೀಚರಮ್ಮ ಯಾರನ್ನೋ ಕೂಗಿ ಮೇನ್ ಸ್ವಿಚ್ ಹಾಕಿಸಿದರು. ಗುಂಡಿ ಒತ್ತಿದ್ದೇ ಲಿಫ್ಟು ಒಂದು ಗೊಣಗಾಟವಿಲ್ಲದೆ ಕೆಳಕ್ಕಿಳಿದು ಮೇಲೆ ಬಂತು. ಎಂಟು ದಿನ ಇಡೀ ಕಟ್ಟಡವನ್ನು ಮೆಟ್ಟಿಲು ಹತ್ತಿಸಿದ ರೋಗ ಅರ್ಧ ನಿಮಿಷದಲ್ಲಿ ಹೋಗಿತ್ತು. ಇನ್‌ಸ್ಪೆಕ್ಟರಿಗೂ ತಲೆದೂಗದಿರಲು ಆಗಲಿಲ್ಲ.

ಅವರು ಗಡಿಯಾರ ನೋಡಿ ಬರೆದುಕೊಂಡರು: ನಾಲ್ಕು ಇಪ್ಪತ್ತು, ಮೂರನೇ ಮಹಡಿ, ಸ್ಕ್ರೂಡ್ರೈವರ್ ಒಂದು, ಸುತ್ತು ನಾಲ್ಕು. ಹೊಸ ಹಳದಿ ಕಾಗದಕ್ಕೆ ಸೀಲು ಒತ್ತಿ ಮೇಸ್ತ್ರಿಯ ಕೈಗೆ ಕೊಟ್ಟರು. ಇಲ್ಲಿರಬಹುದು, ದೇಶ ಬಿಡುವಂತಿಲ್ಲ, ಕೆಲಸ ಮಾಡುವಂತಿಲ್ಲ. ಆಮೇಲೆ ಲಿಫ್ಟಿನಲ್ಲೇ ಕೆಳಗಿಳಿದು ಹೋದರು.

ಮೇಸ್ತ್ರಿ ಕಾಗದ ಮಡಿಸಿ ಅಂಗಿಯ ಕಿಸೆಗಿಟ್ಟು, ಕೈಗಳನ್ನು ಜೇಬಿಗೆ ಇಳಿಬಿಟ್ಟ. ಬೆರಳುಗಳು ಹರಿದ ಹೊಲಿಗೆಯಿಂದ ಹೊರಗೆ ಬಂದವು. ಹೆಂಡತಿ ಅಂದು ಸಂಜೆಯೇ ಎರಡೂ ಜೇಬಿಗೆ ಜೋಡಿ ದಾರದ ಹೊಲಿಗೆ ಹಾಕಿದಳು.