ಒಂದು 'ರಿ'ಯ ಅಪರಾಧ

"ಬರ್ರಿ ಹೊನ್ನೂರಪ್ಪ, ಕಾಲು ಇಲ್ಲಿಡ್ರಿ," ಎಂದು ಆಸ್ಪತ್ರೆಯ ಮಾರ್ತಮ್ಮ ಬಿಸಿನೀರಿನ ಬೋಗುಣಿಯ ಮುಂದೆ ಕುಕ್ಕರಗಾಲಲ್ಲಿ ಕೂತದ್ದೇ ತಡ, ಬಹುವಚನ ಖಾತೆಯ ಮಂತ್ರಿ ಸಕಲಗುಣಭೂಷಣರು ಬಾಗಿಲ ಮರೆಯಿಂದ ಜಿಗಿದರು.

"ಸಿಕ್ಕಿಬಿದ್ದೆ! ಎರಡು 'ರಿ'! ಸಾಕ್ಷಿ ಸಮೇತ!"

ಬೆಂಚಿನ ಮೇಲೆ ಕೂತಿದ್ದ ಚರಂಡಿ ಬಳಿಯುವ ಹೊನ್ನೂರಪ್ಪ ಹೆದರಿ, ಕುಷ್ಠ ತಿಂದ ಕಾಲನ್ನು ಹಿಂದಕ್ಕೆಳೆದುಕೊಂಡ. ಮಾರ್ತಮ್ಮ ಅದನ್ನು ಮತ್ತೆ ನೀರಿಗೆ ಎಳೆದುಕೊಂಡಳು.

ಬಹಳ ಹಿಂದೆ, ಬಹುವಚನಕ್ಕೂ ಪರವಾನಗಿ ಬೇಕಿದ್ದ ಕಾಲದಲ್ಲಿ, ಇದು ನಡೆದದ್ದು ಬಹುಮಾನಪುರವೆಂಬ ರಾಜ್ಯದಲ್ಲಿ. ದೊರೆ ಚಂಡಪ್ರತಾಪರಿಗೆ ಒಂದು ಬೆಳಿಗ್ಗೆ 'ನೀವು' ಎಂಬುದು ತೀರಾ ತೆಳುವಾಗಿ ಕೇಳಿಸಿತು. ಇನ್ನು ತಮ್ಮನ್ನು 'ತಾವುಗಳುಗಳು' ಎನ್ನತಕ್ಕದ್ದು ಎಂದು ಅಪ್ಪಣೆಯಾಯಿತು. ಒಬ್ಬರೇ ಅಷ್ಟು ಬಹುವಚನ ಬಳಸಿದರೆ ಸ್ಟಾಕ್ ಉಳಿಯುವುದೆಲ್ಲಿ? ತಜ್ಞರ ಸಮಿತಿ ಶಿಫಾರಸು ಮಾಡಿತು: ಅಭಾವ ನೀಗುವ ತನಕ ಪ್ರಜೆಗಳು 'ಬಾ', 'ಹೋಗು', 'ಏಯ್'ಗಳಲ್ಲೇ ಸುಧಾರಿಸಿಕೊಳ್ಳತಕ್ಕದ್ದು. ಈ ಕಥೆಯೂ ಆ ಕಾನೂನಿಗೆ ತಲೆಬಾಗಿಯೇ ನಡೆಯುತ್ತಿದೆ.

ಪಾದ್ರಿಗಳು ಕಟ್ಟಿಹೋದ ಈ ಆಸ್ಪತ್ರೆಯಲ್ಲಿ ಮಾತ್ರ ಬಹುವಚನದ ಸೋರಿಕೆ ನಿಂತಿರಲಿಲ್ಲ. ಸಕಲಗುಣಭೂಷಣರಿಗೆ ಅದು ಚೆನ್ನಾಗಿ ಗೊತ್ತಿತ್ತು. ಮೂವತ್ತು ವರ್ಷದ ಹಿಂದೆ ಮೈತುಂಬ ಕಜ್ಜಿಯಾಗಿ ಊರೆಲ್ಲ 'ಥೂ, ಅತ್ತ ಹೋಗು' ಎಂದಾಗ, ಜನ್ಮದ ಮೊದಲ 'ಬರ್ರಿ' ಅವರಿಗೆ ಸಿಕ್ಕಿದ್ದು ಇದೇ ಬೆಂಚಿನ ಮೇಲೆ, ಇದೇ ಬಾಯಿಂದ. ಬಯೋಡೇಟಾದಲ್ಲಿ ಅದನ್ನು ಅವರು ಕಾಣಿಸಿರಲಿಲ್ಲ.

"ನಿನ್ನ ಪ್ರಾರ್ಥನೆಯನ್ನೂ ಕದ್ದು ಕೇಳಿಸಿದ್ದೇವೆ," ಎಂದರು. "ದೇವರನ್ನ 'ನೀನು' ಅಂತೀಯ, ಚರಂಡಿಯವನನ್ನ 'ಬರ್ರಿ' ಅಂತೀಯ. ತಲೆ ನೆಟ್ಟಗಿದೆಯಾ?"

"ದೇವರು ನಮ್ಮಪ್ಪ. ಅಪ್ಪಗ ನೀನು ಅಂತೀನಿ. ಇವರು ಅಪ್ಪ ಕರೆದ ಬೀಗರು. ಬೀಗರಿಗೆ ಹಂಗ ಅನ್ನಾಕ ಬರ್ತದೇನ್ರಿ?"

"ಅಮ್ಮಾರ, ನನ್ನ ಸಲುವಾಗಿ ಜಗಳ ಬ್ಯಾಡ," ಹೊನ್ನೂರಪ್ಪ ಗೊಣಗಿದ. "'ಏಯ್' ಅಂದ್ರೂ ಬರ್ತೀನಿ. ರೂಢಿ ಐತಿ."

"ನಿಮಗ ರೂಢಿ ಐತಿ, ನನಗಿಲ್ಲ. ಸುಮ್ಮನ ಕುಂದರ್ರಿ."

ಮಂತ್ರಿಗಳು ಆಸ್ಪತ್ರೆಯ ಗೇಟಿಗೆ ಬೀಗ ಜಡಿಸಿದರು. ಹೊರಗೆ ಬಿಸಿಲಲ್ಲಿ ರೋಗಿಗಳ ಸಾಲು ಹಾಗೆಯೇ ನಿಂತಿತು. ಕಾವಲಿನವನು ಒಬ್ಬೊಬ್ಬರನ್ನೂ 'ಏಯ್' ಎಂದು ನೇರ ಮಾಡಿದ. ಅಷ್ಟರಲ್ಲಿ ಅರಮನೆಯ ತೋಪು ಹಾರಿತು. ಬಹುಮಾನಪುರವು ಮಾನವ ಘನತೆಯಲ್ಲಿ ಜಗತ್ತಿಗೇ ಪ್ರಥಮವೆಂದು ದೊರೆಗಳುಗಳು ಘೋಷಿಸಿ, ಆ ಕಿರೀಟವನ್ನು ತಮ್ಮ ತಲೆಗೆ ತಾವೇ ಇಟ್ಟುಕೊಂಡಿದ್ದರು. ಪರದೇಶದ ಅತಿಥಿಗಳು ಆ ಘನತೆಯನ್ನು ಕಣ್ಣಾರೆ ನೋಡಬೇಕೆಂದು ಹಟ ಹಿಡಿದಿದ್ದೊಂದೇ ತೊಡಕು. ತೋರಿಸಲು ರಾಜ್ಯದಲ್ಲಿ ಇದ್ದದ್ದು ಈ ಬೆಂಚು ಮಾತ್ರ.

ಸಕಲಗುಣಭೂಷಣರು ಅರಮನೆಯಿಂದ ಬಂದ ಸನ್ಮಾನದ ಶಾಲು ಬಿಡಿಸಿದರು.

"ನಿನಗೆ 'ನಾಗರಿಕತೆಯ ಮಹಾಮಾತೆ' ಬಿರುದು. ಸಾಯುವ ತನಕ ಬಹುವಚನ. ಮೆರವಣಿಗೆಯಲ್ಲಿ ಆನೆಯ ಮೇಲೆ ಕೂರಬಹುದು. ಆದರೆ ಮೊದಲು ಕಾನೂನು ಪಾಲನೆಯಾಗಬೇಕು."

ಮಾರ್ತಮ್ಮ ಬ್ಯಾಂಡೇಜು ಸುತ್ತುತ್ತಲೇ ಇದ್ದಳು. ಗೇಟಿನಾಚೆ ಯಾರೋ ಬಿಸಿಲಿಗೆ ಕುಸಿದು ಬಿದ್ದ ಸದ್ದಾಯಿತು. ಅವಳ ಕೈ ಒಂದು ಗಳಿಗೆ ನಿಂತಿತು.

ಮಂತ್ರಿಗಳು ಬೆಂಚಿನ ಬಳಿ ಬಗ್ಗಿದರು. ದನಿ ತಗ್ಗಿತು.

"ಗೇಟು ಈಗಲೇ ತೆಗೆಸ್ತೀನಿ. ಒಂದೇ ಒಂದ್ಸಲ 'ಹೊನ್ನೂರಾ, ಬಾ' ಅನ್ರಿ, ಅಮ್ಮಾರ."

ತಮ್ಮ ಬಾಯಿಂದ ಜಾರಿದ 'ರಿ' ಅವರಿಗೇ ಕೇಳಿಸಲಿಲ್ಲ.

"ಅನ್ನೂದಿಲ್ಲ," ಅಂದರು ಮಾರ್ತಮ್ಮನವರು.