ಅತ್ತೆಯ ಸೆರಗಿನ ಗಂಟುಗಳು

ನಮ್ಮತ್ತೆಯ ಸೀರೆ ಒಗೆಯಬೇಕಾದರೆ ಅವರ ಅಪ್ಪಣೆ ಬೇಕಿತ್ತು. ರೇಷ್ಮೆಯೇನಲ್ಲ, ಸಾದಾ ನೂಲಿನ ಸೀರೆ. ಆದರೆ ಸೆರಗಿನ ತುಂಬ ಗಂಟುಗಳು! ಅಪ್ಪನ ಅಕ್ಕನಾದ ಈ ಅತ್ತೆ ಹೂಡಿ ಎಂಬ ಊರಿನಾಚೆಯ ನಮ್ಮ ಹಳ್ಳಿಯಲ್ಲಿ ಬಾಲವಾಡಿ ಟೀಚರು. ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ಉಳಿದವರೆಲ್ಲ ಮರೆಯಬಾರದ ಮಾತಿಗೆ ಸೆರಗಿಗೊಂದು ಗಂಟು ಹಾಕಿಕೊಂಡರೆ, ಅತ್ತೆ ಮಗುವಿಗೊಂದರಂತೆ ಹಾಕುತ್ತಿದ್ದರು. ತೂಕ ಏರದ ಮಗುವಿಗೊಂದು, ಚುಚ್ಚುಮದ್ದು ತಪ್ಪಿಸಿಕೊಂಡ ಮಗುವಿಗೊಂದು. ಆ ಮಗುವಿನ ಕೆಲಸ ಮುಗಿಯುವವರೆಗೆ ಗಂಟು ಬಿಚ್ಚುವಂತಿಲ್ಲ.

ಒಮ್ಮೆ ಅಮ್ಮ ತಿಳಿಯದೆ ಎಲ್ಲ ಗಂಟೂ ಬಿಚ್ಚಿ ಸೀರೆ ಒಗೆದುಬಿಟ್ಟಳು. ಅತ್ತೆ ಎದೆ ಬಡಿದುಕೊಂಡು ಬೀದಿಗೆ ಬಂದರು. "ಅಯ್ಯೋ, ಅನ್ನೊಂದು ಮಕ್ಕಳನ್ನ ನೀರಿಗೆ ಆಕ್ಬುಟ್ಲಲ್ಲಪ್ಪಾ!" ಪಕ್ಕದ ಮನೆಯವರು ಹಗ್ಗ, ಪಾತಾಳಗರಡಿ ಹಿಡಿದು ಬಾವಿಗೆ ಓಡಿದರು.

ಮದುವೆಮನೆಯಲ್ಲೂ ಅಷ್ಟೆ. ಅಕ್ಷತೆ ಹಾಕಲು ಹೋದವರು ಮದುಮಗನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಇವನಿಗೆ ಆಗ್ಲೂ ರಕ್ತ ಕಮ್ಮಿ, ಈಗ್ಲೂ ಕಮ್ಮಿ. ಸೊಪ್ಪು ತಿನ್ಸಮ್ಮ" ಎಂದು ಮದುಮಗಳಿಗೆ ಹೇಳಿ ಊಟಕ್ಕೆ ನಡೆದರು. ಅವರ ಬಾಲವಾಡಿಯಲ್ಲೇ ಬೆಳೆದ ಹುಡುಗ ಅವನು.

ಇಂಥವರ ಸೆರಗಿನಲ್ಲಿ ಒಂದು ಗಂಟು ನನ್ನದು. ಎರಡನೇ ಕ್ಲಾಸಿನಲ್ಲಿ ಆಗಲೇ ಒಮ್ಮೆ ಡುಮ್ಕಿ ಹೊಡೆದಿದ್ದೆ. "ಈ ಸಲಾನೂ ಫೇಲಾದ್ರೆ ಸ್ಕೂಲು ಬಿಡ್ಸಿ ಎಮ್ಮೆ ಮೇಯ್ಸೋಕೆ ಕಳಿಸ್ತೀನಿ" ಎಂದು ಅಪ್ಪ ಹೇಳಿಯಾಗಿತ್ತು. ಅಪ್ಪ ಸುಮ್ಮನೆ ಹೆದರಿಸುವವರಲ್ಲ. ಎಮ್ಮೆಯೂ ಕೊಟ್ಟಿಗೆಯಲ್ಲಿ ಸಿದ್ಧವಿತ್ತು!

ಅತ್ತೆ ಹೆಡ್‌ಮಾಸ್ಟರ ಬಳಿ ಹೋದರು. "ನಮ್ಮ ರಿಜಿಸ್ಟರ್ ನಿಮಗೆ ತೋರ್ಸೋಕಾಗಲ್ಲ ಕಣಮ್ಮ, ಇಲಾಖೆ ಬೇರೆ" ಎಂದರು ಅವರು. ಊರಿಗೆ ಬರುವ ನರ್ಸಮ್ಮನ ಬಳಿ ಹೋದರೆ ಅಲ್ಲೂ ಅದೇ ಉತ್ತರ. "ಇಲಾಖೆ ಮೂರಿರ್ಲಿ, ಕೂಸು ಒಂದೇ ಅಲ್ವಾ?" ಎಂದು ಗೊಣಗುತ್ತ ಬಂದ ಅತ್ತೆ, ಭಾನುವಾರ ಇಬ್ಬರನ್ನೂ ಊಟಕ್ಕೆ ಕರೆದರು. ಅವರೆಕಾಯಿ ಕಾಲ, ಹಿದಕಿದ ಬೇಳೆ ಸಾರು. ಷರತ್ತು ಒಂದೇ: "ರಿಜಿಸ್ಟರ್ ತರದೋರಿಗೆ ಬರೀ ಮುದ್ದೆ, ಸಾರಿಲ್ಲ!" ಅವರೆಕಾಯಿಯ ಮುಂದೆ ಯಾವ ಸರ್ಕಾರಿ ನಿಯಮ ನಿಲ್ಲುತ್ತದೆ, ಹೇಳಿ? ಇಬ್ಬರೂ ರಿಜಿಸ್ಟರನ್ನು ಕಂಕುಳಲ್ಲಿ ಅವುಚಿಕೊಂಡು ಬಂದರು.

ಬಡಿಸುವ ಮೊದಲು ಅತ್ತೆ ನನ್ನ ಪುಟ ಓದಿಸಿದರು. ಹೆಡ್‌ಮಾಸ್ಟರು ಓದಿದರು: "ಸೋಮಾರಿ. ಬೋರ್ಡು ನೋಡಿ ಬರೆಯುವುದಿಲ್ಲ, ಪಕ್ಕದವಳ ಸ್ಲೇಟು ನೋಡುತ್ತಾಳೆ." ನರ್ಸಮ್ಮ ಓದಿದರು: "ಪದೇ ಪದೇ ತಲೆನೋವು. ಮಾತ್ರೆ ಕೊಟ್ಟಿದೆ." ಕೊನೆಗೆ ಅತ್ತೆ ತಮ್ಮದೇ ಹಳೆಯ ಬಾಲವಾಡಿ ಪುಸ್ತಕ ತೆರೆದರು: "ಹಠಮಾರಿ. ಚಿತ್ರ ತೋರಿಸಿದರೆ ಕೂತಲ್ಲಿ ಕೂರದೆ ಎದ್ದು ಬಂದು ಮೂಗು ತಾಗಿಸುತ್ತಾಳೆ."

ಓದಿ ಮುಗಿಸಿದ ಅತ್ತೆ ಕೈಯಲ್ಲಿದ್ದ ಸೌಟು ಕೆಳಗಿಟ್ಟರು. "ಅಯ್ಯೋ ನನ್ನ ಬುದ್ಧಿಗಿಷ್ಟು! ಈ ಕೂಸಿಗೆ ದೂರದ್ದು ಕಾಣ್ಸದೇ ಇಲ್ವಲ್ರೀ!"

ಅಂದು ಎಲ್ಲರಿಗೂ ಎರಡೆರಡು ಸಲ ಸಾರು ಬಡಿಸಿದರು. ತಾವು ಮಾತ್ರ ಉಣ್ಣಲಿಲ್ಲ.

ಮರುದಿನವೇ ನನ್ನನ್ನು ಬಸ್ಸು ಹತ್ತಿಸಿಕೊಂಡು ಪೇಟೆಯ ಕಣ್ಣಿನ ಡಾಕ್ಟರ ಬಳಿ ಹೋದರು. ವಾರದಲ್ಲಿ ದಪ್ಪ ಕನ್ನಡಕ ಬಂತು. ಅಪ್ಪ ಮತ್ತೆ ಎಮ್ಮೆಯ ಸುದ್ದಿ ಎತ್ತಲಿಲ್ಲ. ಅತ್ತೆ ನನ್ನೆದುರೇ ಗಂಟು ಬಿಚ್ಚಿದರು.

ಕನ್ನಡಕ ಹಾಕಿಕೊಂಡು ಶಾಲೆಗೆ ಹೋದ ಮೊದಲ ದಿನ, ಗೇಟಿನ ಬಳಿ ಸುಮ್ಮನೆ ಹಿಂತಿರುಗಿ ನೋಡಿದೆ. ಕೆರೆ ಏರಿಯ ಆ ತುದಿಯಲ್ಲಿ, ಹುಣಸೆಮರದ ಕೆಳಗೆ ಅತ್ತೆ ನಿಂತು ಕೈ ಬೀಸುತ್ತಿದ್ದರು! ನನಗೆ ಆಶ್ಚರ್ಯ. ಸಂಜೆ ಕೇಳಿದೆ: "ಇವತ್ಯಾಕತ್ತೆ ಅಲ್ಲಿ ನಿಂತಿದ್ದೆ?"

"ಇವತ್ತೇನು ಬಂತು? ನೀನು ಒಂದನೇ ಕ್ಲಾಸಿಗೆ ಸೇರ್ದಾಗಿಂದ ದಿನಾ ನಿಂತ್ಕೋತೀನಿ ಕಣೇ. ನೀನು ಒಂದಿನಾನಾದ್ರೂ ಕೈ ಬೀಸ್ದೋಳಲ್ಲ. ಕೊಬ್ಬು ಅಂದ್ಕೊಂಡಿದ್ದೆ."

ನನಗೆ ಅಳು ಬಂದುಬಿಟ್ಟಿತು. ಮರುದಿನ ಗೇಟಿನ ಬಳಿ ನಿಂತು, ಬೆಲ್ಲು ಹೊಡೆದರೂ ಒಳಗೆ ಹೋಗದೆ, ಅತ್ತೆಯತ್ತ ಎರಡೂ ಕೈ ಬೀಸಿದೆ.